ನಿಮಗೆ ಹೋಮ್ ಸಾಕು ಆಂಟಿ

ಭಾರತೀಯ ದಂಡ ಸಂಹಿತೆ 1860ರದ್ದು. ಅದು ಹೋಗಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅಷ್ಟೂ ಕಾಲ ಕಳ್ಳರು, ಪೊಲೀಸರು, ವಕೀಲರು ಎಲ್ಲರೂ ಒಂದೇ ಆವೃತ್ತಿಯಲ್ಲಿ ಹೊಂದಿಕೊಂಡು ಬಾಳಿದೆವು. ವಿಂಡೋಸ್ 10 ಬಂದದ್ದು 2015ರಲ್ಲಿ. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲದ ಅವಧಿ ಮುಗಿದೇಹೋಯಿತು. ನಮ್ಮ ತಾಲ್ಲೂಕಿನಲ್ಲಿ ಹತ್ತು ವರ್ಷಕ್ಕೆ ಒಂದು ಪಾಲುವಿಭಾಗದ ದಾವೆ ಸಾಕ್ಷಿ ವಿಚಾರಣೆಗೂ ಬಂದಿರುವುದಿಲ್ಲ. 420ನೇ ಕಲಂ ಹೋಗಿ 318 ಆದ ದುಃಖವೇ ನನಗಿನ್ನೂ ಆರಿಲ್ಲ. ಎಂಥ ಮೋಸಗಾರನನ್ನೇ ಆಗಲಿ, ‘ಅವನೊಬ್ಬ ಮುನ್ನೂರ ಹದಿನೆಂಟು’ ಎಂದು ಬೈದರೆ ಬೈದ ಹಾಗೇ ಆಗುವುದಿಲ್ಲ. ಅಷ್ಟರಲ್ಲಿ ಇದೊಂದು.

ಆಫೀಸಿನ ಹಳೆಯ ಕಂಪ್ಯೂಟರ್ ಗಟ್ಟಿಮುಟ್ಟಾಗಿಯೇ ಇತ್ತು. ಆದರೆ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ನಮ್ಮದು ಏಳನೆಯದು. ಒಂದು ತಲೆಮಾರಿನಲ್ಲಿ ಹಕ್ಕು ತಪ್ಪಿತು. ಸರಿ, ಬೀದಿ ಕೊನೆಯ ಕಂಪ್ಯೂಟರ್ ಹುಡುಗ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬಿಡಿಭಾಗ ತಂದು ಹೊಸದೊಂದನ್ನು ಜೋಡಿಸಿಕೊಟ್ಟ. ಇಲ್ಲಿಯವರೆಗೆ ಯಾರ ತಕರಾರೂ ಇರಲಿಲ್ಲ.

“ವಿಂಡೋಸ್ ಹೋಮ್ ಹಾಕ್ಬಿಡ್ತೀನಿ ಆಂಟಿ. ನಿಮಗೆ ಹೋಮ್ ಸಾಕು.”

ನಾನಾಗ ಕೋರ್ಟಿನಿಂದ ಬಂದವಳು, ಕರಿಕೋಟು ಇನ್ನೂ ಮೈಮೇಲಿತ್ತು, ಕೊರಳಲ್ಲಿ ಬಿಳಿ ಬ್ಯಾಂಡ್ ಇತ್ತು. “ಇದು ಆಫೀಸು ಕಣಪ್ಪ” ಎಂದೆ.

“ಗೊತ್ತು ಆಂಟಿ. ಆದ್ರೂ ನಿಮಗೆ ಹೋಮೇ ಸಾಕು. ಪ್ರೋ ಎಲ್ಲ ದೊಡ್ಡ ಕಂಪನಿಗಳಿಗೆ.”

ನಾನು ವೃತ್ತಿಗೆ ಬಂದ ಹೊಸತರಲ್ಲಿ ಹಿರಿಯ ವಕೀಲರೊಬ್ಬರು, “ಜೀವನಾಂಶ, ವಿಚ್ಛೇದನ ಇಂಥವು ನೋಡ್ಕೊಳ್ಳಮ್ಮ. ಜಮೀನು ವ್ಯಾಜ್ಯ ಎಲ್ಲ ಯಾಕೆ? ಸಂಜೆ ಹೊತ್ತಿಗೆ ಮನೆ ಸೇರ್ಕೋಬಹುದು” ಎಂದು ತುಂಬ ಪ್ರೀತಿಯಿಂದ ಹೇಳಿದ್ದರು. ಪ್ರೀತಿಯಿಂದ ಹೇಳಿದ್ದಕ್ಕೇ ಅದು ಇನ್ನೂ ಚುಚ್ಚುತ್ತದೆ. ಈಗಲೂ ವಾರಕ್ಕೊಬ್ಬ ಕಕ್ಷಿದಾರ ಬಾಗಿಲಲ್ಲಿ ನಿಂತು, ಮೇಜಿನ ಹಿಂದೆ ಕೂತ ನನ್ನನ್ನು ದಾಟಿ ಒಳಗೆ ಇಣುಕಿ, “ಸಾಹೇಬ್ರು ಇಲ್ವಾ?” ಎನ್ನುತ್ತಾನೆ. ಇದಕ್ಕೂ ಆ ಹುಡುಗನಿಗೂ ಸಂಬಂಧವಿಲ್ಲ, ಹಿರಿಯರು ಆ ಮಾತು ಹೇಳಿದಾಗ ಅವನು ಹುಟ್ಟಿಯೂ ಇರಲಿಲ್ಲ. ಆದರೆ ಬಾಕಿ ಯಾರಾದರೊಬ್ಬರು ಕಟ್ಟಬೇಕಲ್ಲ. “ಪ್ರೋ” ಎಂದೆ.

ತೀರ್ಪಾಯಿತು, ಇನ್ನು ಕಾರಣ ಹುಡುಕುವುದೊಂದೇ ಬಾಕಿ. ನ್ಯಾಯಾಲಯಗಳಲ್ಲಿ ಹೀಗೆ ನಡೆಯುವುದಿಲ್ಲ ಎಂದು ಇಲ್ಲಿ ಸ್ಪಷ್ಟಪಡಿಸುತ್ತೇನೆ.

ಮನೆಗೆಂದು ಕೊಟ್ಟ ಹೋಮ್ ಅನ್ನು ವೃತ್ತಿಗೆ ಬಳಸಿದರೆ ಷರತ್ತಿನ ಉಲ್ಲಂಘನೆ ಆಗಿಯೇ ಆಗುತ್ತದೆ ಎಂಬ ಭರವಸೆಯಲ್ಲಿ ಆ ರಾತ್ರಿ ಪರವಾನಗಿ ಕರಾರನ್ನು ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು ಪೂರ್ತಿ ಓದಿದೆ. ಭೂಮಿಯ ಮೇಲೆ ಇದನ್ನು ಕೊನೆಯವರೆಗೆ ಓದಿದವರ ಸಂಘವೇನಾದರೂ ಇದ್ದರೆ ಅಧ್ಯಕ್ಷಸ್ಥಾನಕ್ಕೆ ನನ್ನ ಅರ್ಜಿಯಿದೆ. ಮೊದಲ ಆಘಾತ: ಇದು ಕ್ರಯವೇ ಅಲ್ಲ. ತಂತ್ರಾಂಶವನ್ನು ಮಾರುವುದಿಲ್ಲ, ಬಳಸಲು ಪರವಾನಗಿ ಮಾತ್ರ ಕೊಡುತ್ತೇವೆ ಎಂದು ಅವರೇ ಬರೆದುಕೊಂಡಿದ್ದಾರೆ. ಎರಡನೆಯದು: ಹೋಮ್ ಅನ್ನು ಕಚೇರಿಯಲ್ಲಿ ಬಳಸಬಾರದೆಂಬ ಕಲಂ ಎಲ್ಲಿಯೂ ಇಲ್ಲ. ಅಂಥ ನಿರ್ಬಂಧವಿದ್ದದ್ದು ವರ್ಡ್, ಎಕ್ಸೆಲ್ ಬರುವ ಆಫೀಸ್ ತಂತ್ರಾಂಶದ ‘ಹೋಮ್ ಅಂಡ್ ಸ್ಟೂಡೆಂಟ್’ ಆವೃತ್ತಿಗೆ. ನಾನು ಬೇರೆ ಕೇಸಿನ ಕಾಗದ ಹಿಡಿದು ಬೇರೆ ಕೇಸು ವಾದಿಸಲು ಹೊರಟಿದ್ದೆ.

ಹೋಮ್‌ನಲ್ಲಿ 128 ಜಿಬಿಗಿಂತ ಹೆಚ್ಚು ರ‍್ಯಾಮ್ ಹಾಕುವಂತಿಲ್ಲ, ಪ್ರೋದಲ್ಲಿ 2 ಟಿಬಿವರೆಗೆ ಹಾಕಬಹುದು. ನಮ್ಮದರಲ್ಲಿ ಇರುವುದು 16 ಜಿಬಿ. ಪ್ರೋ ಇದ್ದರೆ ಇಡೀ ಸಂಸ್ಥೆಯ ಕಂಪ್ಯೂಟರುಗಳನ್ನು ಒಂದು ಡೊಮೇನಿಗೆ ಸೇರಿಸಿ ಎಲ್ಲದಕ್ಕೂ ಒಂದೇ ನೀತಿ ಹೇರಬಹುದಂತೆ. ನಮ್ಮ ಸಂಸ್ಥೆಯೆಂದರೆ ನಾನು, ನಮ್ಮ ಗುಮಾಸ್ತರು. ನನ್ನ ಯಾವ ನೀತಿಯನ್ನೂ ಅವರು ಈವರೆಗೆ ಒಪ್ಪಿಲ್ಲ. ಈ ನಡುವೆ ಬಾರ್ ಅಸೋಸಿಯೇಷನ್ನಿನಲ್ಲಿ ಮಿತ್ರರೊಬ್ಬರು, “ದುಡ್ಡು ಯಾಕ್ರೀ? ಕ್ರ್ಯಾಕ್ ಹಾಕ್ಸಿ, ನಂದೂ ಅದೇ” ಎಂದು ಚಹಾ ಹೀರಿದರು. ಅವರು ಕೃತಿಸ್ವಾಮ್ಯದ ಮೊಕದ್ದಮೆಯೊಂದರಲ್ಲಿ ವಾದಿ ಪರ ವಕೀಲರು. ನನಗೆ ಮೈಯೆಲ್ಲ ಉರಿಯಿತು. ಅಧಿಕೃತ ಮಾರಾಟಗಾರರಿಂದ ಬಿಲ್ಲು ಸಮೇತ ಪ್ರೋ ಕೊಂಡು ತಂದೆ.

ಹುಡುಗ ಪೆನ್‌ಡ್ರೈವ್ ಚುಚ್ಚಿದ. ಕೀ ಕೊಡಿ ಎಂದಿತು ಪರದೆ. ಅವನು ಸರಕ್ಕನೆ, ‘ನನ್ನ ಬಳಿ ಪ್ರಾಡಕ್ಟ್ ಕೀ ಇಲ್ಲ’ ಎಂಬುದನ್ನು ಒತ್ತಿದ.

“ಏಯ್, ಕೀ ನನ್ನ ಕೈಯಲ್ಲಿದೆ. ಇಲ್ಲ ಅಂತ ಹೇಗೆ ಸುಳ್ಳು ಹೇಳಿಕೆ ಕೊಡ್ತೀಯ?”

“ಆಮೇಲೆ ಹಾಕ್ತೀನಿ ಆಂಟಿ, ಎಲ್ಲರೂ ಹೀಗೇ ಮಾಡೋದು.”

ಎಲ್ಲರೂ ಹೀಗೇ ಮಾಡೋದು ಎಂಬುದು ಪ್ರತಿವಾದವಲ್ಲ ಎಂದು ಹೇಳುವಷ್ಟರಲ್ಲಿ ಪಟ್ಟಿ ಬಂತು. ಹೋಮ್, ಹೋಮ್ ಎನ್, ಹೋಮ್ ಸಿಂಗಲ್ ಲ್ಯಾಂಗ್ವೇಜ್, ಎಜುಕೇಷನ್, ಎಜುಕೇಷನ್ ಎನ್, ಪ್ರೋ, ಪ್ರೋ ಎನ್... ಒಟ್ಟು 11 ಬಾಬ್ತು. ಎರಡು ಸಾಕೆಂದುಕೊಂಡಿದ್ದವಳಿಗೆ 11.

“ಈ ಎನ್ ಅಂದ್ರೇನಪ್ಪ?”

“ಅದು ಯಾರಿಗೂ ಬೇಡದ್ದು ಆಂಟಿ.”

ಯಾರಿಗೂ ಬೇಡದ್ದನ್ನು ಎತ್ತಿ ಹಿಡಿದು ವಾದಿಸುವುದೇ ನನ್ನ ಹೊಟ್ಟೆಪಾಡು. “ಮೌಸ್ ಬಿಡು” ಎಂದು ಫೋನಿನಲ್ಲಿ ಹುಡುಕತೊಡಗಿದೆ. ಓದುತ್ತ ಓದುತ್ತ ಎದ್ದು ನಿಂತೆ. ಎನ್ ಎನ್ನುವುದು ಆದೇಶದಿಂದ ಹುಟ್ಟಿದ ಕೂಸು! 2004ರ ಮಾರ್ಚಿನಲ್ಲಿ ಯುರೋಪಿಯನ್ ಕಮಿಷನ್ ಮೈಕ್ರೋಸಾಫ್ಟಿಗೆ 49.7 ಕೋಟಿ ಯೂರೋ ದಂಡ ಹಾಕಿ, ಮೀಡಿಯಾ ಪ್ಲೇಯರ್ ಇಲ್ಲದ ವಿಂಡೋಸನ್ನೂ ಮಾರಬೇಕೆಂದು ಆದೇಶಿಸಿತು. ಮಾರುಕಟ್ಟೆಯಲ್ಲಿ ಪ್ರಾಬಲ್ಯವಿದೆಯೆಂದು ಒಂದರ ಜೊತೆ ಇನ್ನೊಂದನ್ನು ಗಂಟುಹಾಕಿ ಗಿರಾಕಿಯ ತಲೆಗೆ ಕಟ್ಟಬಾರದು ಎಂಬುದು ತತ್ವ. ಮೇಲ್ಮನವಿ ಹೋಯಿತು. 2007ರಲ್ಲಿ ಲಕ್ಸೆಂಬರ್ಗಿನ ನ್ಯಾಯಾಲಯವೂ ಆ ಭಾಗವನ್ನು ಎತ್ತಿಹಿಡಿಯಿತು.

ಇನ್ನು ಮುಂದಿನದು ಕೇಳಿ. ಕಂಪನಿ ಆದೇಶವನ್ನು ಅಕ್ಷರಶಃ ಪಾಲಿಸಿತು: ಪ್ಲೇಯರ್ ಕಿತ್ತು ಎನ್ ತಂದಿತು, ಆದರೆ ಬೆಲೆ ಇಳಿಸಲಿಲ್ಲ. ಇರುವುದಕ್ಕೂ ಇಲ್ಲದ್ದಕ್ಕೂ ಒಂದೇ ಬೆಲೆಯಾದರೆ ಇಲ್ಲದ್ದನ್ನು ಯಾವ ಪುಣ್ಯಾತ್ಮ ಕೊಳ್ಳುತ್ತಾನೆ? “ನೋಡಿದ್ಯಾ? ಡಿಕ್ರಿ ಸಿಕ್ತು, ಅಮಲ್ಜಾರಿ ಆಗಲಿಲ್ಲ!” ಎಂದು ಕೋಟಿನ ಅಂಚು ಹಿಡಿದು ಕೂಗಿದೆ. ನನ್ನ ಅರ್ಧ ಬೀರು ತುಂಬಿರುವುದು ಅಮಲ್ಜಾರಿಯಾಗದ ಡಿಕ್ರಿಗಳೇ. ಗಂಟಲು ಕಟ್ಟಿಬಂತು. ಯುರೋಪಿನಲ್ಲಿ ಆಗದ್ದು ಈ ತಾಲ್ಲೂಕಿನಲ್ಲಾದರೂ ಆಗಲಿ, ಒಂದೇ ಒಂದು ಯಂತ್ರದ ಮಟ್ಟಿಗಾದರೂ ಆ ತೀರ್ಪು ಜಾರಿಯಾಗಲಿ. “ಪ್ರೋ ಎನ್ ಹಾಕು!”

“ವಿಡಿಯೋ ಬರಲ್ಲ ಆಂಟಿ. ಕ್ಯಾಮೆರಾನೂ ಸರಿಯಾಗಿ ಕೆಲಸ ಮಾಡಲ್ಲ. ಅದಕ್ಕೆ ಮೀಡಿಯಾ ಫೀಚರ್ ಪ್ಯಾಕ್ ಅಂತ ಬೇರೆ ಹಾಕ್ಬೇಕು.”

“ಅದಕ್ಕೆಷ್ಟು?”

“ಫ್ರೀ.”

“ಅದನ್ನ ಹಾಕಿದ್ರೆ?”

“ಮಾಮೂಲಿ ಪ್ರೋ ಥರಾನೇ ಆಗುತ್ತೆ.”

ಮೂರು ವರ್ಷದ ಮೇಲ್ಮನವಿ, ಅಷ್ಟು ಕೋಟಿ ದಂಡ, ಕೊನೆಗೆ ಪುಕ್ಕಟೆ ಪ್ಯಾಕು. ನಾನು ಎದುರುಪಕ್ಷದ ಜಾಣತನದ ಬಗ್ಗೆ ಇನ್ನೂ ಹೇಳುವುದಿತ್ತು. ಪಹಣಿ ತಿದ್ದುಪಡಿಗೆ ಬಂದು ಬೆಂಚಿನ ಮೇಲೆ ಕೂತಿದ್ದ ರೈತರೊಬ್ಬರು ಅಷ್ಟು ಹೊತ್ತೂ ಟವೆಲ್ ಹಿಂಡುತ್ತ ಕೇಳುತ್ತಿದ್ದರು. ಈಗ ಮೆಲ್ಲಗೆ ಎದ್ದರು. “ಮೇಡಮ್ಮೋರೆ, ಹಂಗಾದ್ರೆ ನಮ್ಮ ಕೇಸೂ ಲಕ್ಸಂಬರಕ್ಕೆ ಓಗ್ಬೇಕಾ?”

ಅವರನ್ನು ಸಮಾಧಾನ ಮಾಡಿ ಕೂರಿಸಿದೆವು. ಹೈಕೋರ್ಟಿನ ವಿಡಿಯೋ ಕಾನ್ಫರೆನ್ಸಿಗೆ ಮುಖ ಕಾಣಬೇಕಾದ್ದರಿಂದ ಎನ್ ಅನ್ನು ಕೈಬಿಟ್ಟೆ.

ಆಗ ನಮ್ಮ ಗುಮಾಸ್ತರು ಬಾಯಿ ಬಿಟ್ಟರು. “ಅದೆಲ್ಲ ಇರ‍್ಲಿ ಕಣಪ್ಪ, ಇದರಲ್ಲಿ ನುಡಿ ಬರುತ್ತಾ?”

ಇವರು ಟೈಪ್‌ರೈಟರಿನಿಂದ ಬಂದವರು. ಯೂನಿಕೋಡಿಗೆ ನಾವಿನ್ನೂ ಹೊರಳಿರದ ಕಾಲದಿಂದ ಇವರು ಹೊಡೆದಿಟ್ಟ ವಾದಪತ್ರ, ಪ್ರಮಾಣಪತ್ರ, ನೋಟಿಸುಗಳೆಲ್ಲ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ‘ಮಾನ್ಯ ನ್ಯಾಯಾಲಯದ ಸನ್ನಿಧಿಯಲ್ಲಿ’ ಎಂಬುದು ರೋಮನ್ ಅಕ್ಷರ, ಕೊಂಬು, ಚುಕ್ಕೆಗಳ ರಾಶಿಯಾಗಿ ಬೀಳುತ್ತದೆ. ಅವರ ಅರ್ಧ ಆಯುಸ್ಸು ಆ ರಾಶಿಯಾಗುವುದೋ ಇಲ್ಲವೋ ಎಂಬುದಷ್ಟೇ ಅವರ ಪ್ರಶ್ನೆ.

“ಯಾವುದರಲ್ಲಾದ್ರೂ ಬರುತ್ತೆ ಅಂಕಲ್.”

“ಹಾಗಾದ್ರೆ ಯಾವುದಾದ್ರೂ ಹಾಕು. ಊಟಕ್ಕೆ ಹೊತ್ತಾಯ್ತು.”

ಪ್ರೋ ಏರಿತು. ನುಡಿಯೂ ಬಂತು. ಆದರೂ ಕಾರಣವಿಲ್ಲದ ತೀರ್ಪು ನಿಲ್ಲುವುದಿಲ್ಲ ಎಂಬ ಅಳುಕು ನನಗಿದ್ದೇ ಇತ್ತು. ಕೊನೆಗೆ ಬಿಟ್‌ಲಾಕರ್ ಕೈಹಿಡಿಯಿತು. ಯಂತ್ರ ಕಳುವಾದರೂ ಒಳಗಿನ ಕಡತ ಯಾರಿಗೂ ಓದಲಾಗದಂತೆ ಬೀಗ ಹಾಕುವ ಈ ಸೌಲಭ್ಯ ಪ್ರೋದಲ್ಲಿದೆ. ಕಕ್ಷಿದಾರ ಹೇಳಿದ ಗುಟ್ಟನ್ನು ವಕೀಲರು ಹೊರಗೆಡಹಬಾರದು: ಹಳೆಯ ಸಾಕ್ಷ್ಯ ಅಧಿನಿಯಮದ 126ನೇ ಕಲಂ, ಹೊಸದರಲ್ಲಿ 132. ಸಿಕ್ಕಿತಲ್ಲ ಕಾರಣ! ಹೋಮ್‌ನಲ್ಲೂ ಡಿವೈಸ್ ಎನ್‌ಕ್ರಿಪ್ಷನ್ ಅಂತ ಹೆಚ್ಚುಕಡಿಮೆ ಇದೇ ಕೆಲಸ ಮಾಡುವುದೊಂದಿದೆ ಎಂದು ಹುಡುಗ ಹೇಳಲು ಬಂದ. ವಾದ ಮುಗಿದ ಮೇಲೆ ಹೊಸ ಸಾಕ್ಷ್ಯ ಸ್ವೀಕರಿಸಲಾಗದೆಂದು ತಿಳಿಸಿದೆ.

ಬೀಗ ತೆರೆಯಲು ಕಷ್ಟಕಾಲಕ್ಕೆ ಬೇಕಾಗುವ 48 ಅಂಕಿಯ ಕೀಯನ್ನು ಪ್ರಿಂಟ್ ಮಾಡಿ ಕೊಟ್ಟುಹೋದ. ಗುಮಾಸ್ತರು ಅದಕ್ಕೆ ಪಂಚ್ ಮಾಡಿ, ದಾರ ಕಟ್ಟಿ, ಒಳಗೆ ಒಯ್ದರು.

ಮೊನ್ನೆ ಅದೇ ಹುಡುಗ ಬಂದು ಬಯಾಸ್‌ನಲ್ಲಿ ಏನೋ ಬದಲಿಸಿ ಹೋದ ಮರುಬೆಳಗ್ಗೆ, ಹೈಕೋರ್ಟಿನ ವಿಚಾರಣೆಗೆ ಅರ್ಧ ಗಂಟೆಯಿರುವಾಗ, ಕಂಪ್ಯೂಟರ್ ನೀಲಿ ಪರದೆ ತೋರಿಸಿ ಆ 48 ಅಂಕಿ ಕೇಳುತ್ತ ಕೂತಿತು.

“ಆ ಕಾಗದ ಎಲ್ಲಿಟ್ಟಿದ್ದೀರಿ?”

“ವಿಲೇವಾರಿ ಆದ ಹಳೇ ಕಟ್ಟೊಂದರಲ್ಲಿ ಭದ್ರವಾಗಿ ಇಟ್ಟಿದ್ದೀನಿ ಮೇಡಂ” ಎಂದರು ಗುಮಾಸ್ತರು. “ಯಾವ ಕಟ್ಟು ಅಂತ ಮರೆತುಹೋಗಬಾರದಲ್ಲ, ಅದಕ್ಕೇ ಕಂಪ್ಯೂಟರಲ್ಲಿ ಬರೆದಿಟ್ಟಿದ್ದೀನಿ. ನುಡಿಯಲ್ಲೇ.”