ಫುಡ್ ಹಾಲ್ ಸಲಹೆಗಾರ ಮಹಾಶಯರಿಗೊಂದು ಬಿನ್ನಹ

ಇವರಿಗೆ,
ನಗರ ಕೇಂದ್ರ ಪುನರಭಿವೃದ್ಧಿ ಯೋಜನೆಗಳ ಸಲಹೆಗಾರ ಮಹಾಶಯರು
(ಯಾವ ಊರಾದರೂ ನಕ್ಷೆ ಒಂದೇ ಆದ್ದರಿಂದ ವಿಳಾಸ ಬರೆದಿಲ್ಲ)

ವಿಷಯ: ಹಳೆಯ ಮಾರುಕಟ್ಟೆಯನ್ನು ಫುಡ್ ಹಾಲ್ ಮಾಡಿ ಪೇಟೆಯನ್ನು ಉದ್ಧರಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ತಾವು ಬರೆಸಿರುವ ಬಣ್ಣದ ಚಿತ್ರಗಳನ್ನು ಕಂಡು ಈ ಅರ್ಜಿದಾರನು ಮೂಕವಿಸ್ಮಿತನಾಗಿದ್ದಾನೆ. ಎತ್ತರದ ಛಾವಣಿ, ಅದರಿಂದ ಇಳಿಬಿದ್ದ ಬಲ್ಬುಗಳು, ಗಾರೆ ಮಾಡದೆ ಬಿಟ್ಟ ಇಟ್ಟಿಗೆ ಗೋಡೆ, ಮದುವೆ ಛತ್ರದ ಪಂಕ್ತಿಯಷ್ಟು ಉದ್ದದ ಮೇಜು. ಒಬ್ಬ ಗಡ್ಡದ ಯುವಕ, ಒಂದು ಮಗು, ಮಗುವಿನ ಕೈಯಲ್ಲೊಂದು ಬಲೂನು. ಎಲ್ಲರೂ ನಗುತ್ತಿದ್ದಾರೆ, ಯಾರೂ ತಿನ್ನುತ್ತಿಲ್ಲ. ಬೆಲೆಪಟ್ಟಿ ಎಲ್ಲೂ ಕಾಣದ ಕಾರಣ ಆ ನಗುವಿನ ಬಗ್ಗೆ ನನಗೆ ಅನುಮಾನವಿಲ್ಲ.

ಇಂಥ ಕೆಲಸಕ್ಕೆ ಮೊದಲು ವಿದೇಶ ಅಧ್ಯಯನ ಪ್ರವಾಸ ಮಾಡುವುದು ವಾಡಿಕೆ. ತಮಗೆ ಶ್ರಮವಾಗದಿರಲೆಂದು ನೋಡಬೇಕಾದ ಊರುಗಳನ್ನು ನಾನೇ ಗುರುತು ಹಾಕಿಕೊಟ್ಟಿದ್ದೇನೆ. ಭತ್ಯೆಯ ಲೆಕ್ಕ ತಾವೇ ನೋಡಿಕೊಳ್ಳುತ್ತೀರಿ.

ಮೊದಲು ಬಾಸ್ಟನ್. ಅಲ್ಲಿ 1826ರ ಕ್ವಿನ್ಸಿ ಮಾರ್ಕೆಟ್ ಪಾಳು ಬೀಳುತ್ತಿತ್ತು. ವಾಸ್ತುಶಿಲ್ಪಿ ಬೆಂಜಮಿನ್ ಥಾಂಪ್ಸನ್ ನಕ್ಷೆ ಬರೆದರು, ಜೇಮ್ಸ್ ರೌಸ್ ಎಂಬ ಉದ್ಯಮಿ ದುಡ್ಡು ಹೊಂದಿಸಿದರು. 1976ರಲ್ಲಿ ಬಾಗಿಲು ತೆರೆದಾಗ ಜನ ಮುಗಿಬಿದ್ದರು. ಸುತ್ತ ನಡೆದು ಬರುವಷ್ಟು ದೂರದಲ್ಲಿ ಕಚೇರಿಗಳಿದ್ದವು, ಆ ಕಚೇರಿಗಳಲ್ಲಿ ಮಧ್ಯಾಹ್ನ ಹಸಿಯುವ ಜನರಿದ್ದರು. ಆದರೆ ನೋಡಲು ಬಂದ ಬೇರೆ ಊರುಗಳ ಮೇಯರುಗಳಿಗೆ ಹಸಿದ ಜನ ಕಾಣಲಿಲ್ಲ, ಕಟ್ಟಡ ಮಾತ್ರ ಕಂಡಿತು. ಸಲಹೆಗಾರರ ಕಸುಬು ಕುದುರಿದ್ದು ಅಂದಿನಿಂದಲೇ ಇರಬೇಕು.

ಅಮೆರಿಕದ್ದೇ ಆದ ಟೊಲೀಡೊ ನಗರ 1984ರಲ್ಲಿ ಅದೇ ಮಾದರಿಯ, ಉತ್ಸವ ಮಾರುಕಟ್ಟೆ ಎಂದು ಕರೆಯುವ ತಿಂಡಿ-ಅಂಗಡಿಗಳ ಕಟ್ಟಡವೊಂದನ್ನು ಕಟ್ಟಿಕೊಂಡು 1990ರಲ್ಲಿ ಬೀಗ ಹಾಕಿತು. ಫ್ಲಿಂಟ್ ಊರಿನದು ಇನ್ನೂ ಸೊಗಸು. ಕಾರು ಕಾರ್ಖಾನೆಗಳು ಸಾವಿರಗಟ್ಟಲೆ ಜನರನ್ನು ಮನೆಗೆ ಕಳಿಸುತ್ತಿದ್ದ ಹೊತ್ತಿನಲ್ಲಿ, 1985ರಲ್ಲಿ, ಅಲ್ಲೊಂದು ಉತ್ಸವ ಮಾರುಕಟ್ಟೆ ಎದ್ದಿತು. ಸಂಬಳ ನಿಂತವರಿಗೆ ಊರಿನ ಹಿರಿಯರು ಐಸ್‌ಕ್ರೀಮಿನ ಏರ್ಪಾಡು ಮಾಡಿದ್ದರು. ಕೃತಘ್ನ ಜನ ತಿನ್ನಲು ಬರಲಿಲ್ಲ, ಕಟ್ಟಡ ವಿಶ್ವವಿದ್ಯಾಲಯದ ಪಾಲಾಯಿತು. ಬಾಲ್ಟಿಮೋರಿನಲ್ಲಿ ರೌಸ್ ಅವರೇ 1980ರಲ್ಲಿ ತೆರೆದ ಹಾರ್ಬರ್‌ಪ್ಲೇಸ್ ಬಹಳ ಕಾಲ ಮೆರೆದು, 2019ರಲ್ಲಿ ನ್ಯಾಯಾಲಯ ನೇಮಿಸಿದ ರಿಸೀವರ್ ಕೈಗೆ ಹೋಯಿತು.

ನ್ಯೂಯಾರ್ಕಿನಲ್ಲಿ ಮಾತ್ರ ದಯವಿಟ್ಟು ಹೆಚ್ಚು ದಿನ ತಂಗಿರಿ. ಅಲ್ಲಿನ ಸೌತ್ ಸ್ಟ್ರೀಟ್ ಸೀಪೋರ್ಟ್ ತಮ್ಮಂಥವರಿಗೆ ಕಾಶಿಯಿದ್ದ ಹಾಗೆ, ಒಂದೇ ಜಾಗದಲ್ಲಿ ಎರಡು ಸಲ ಮುಳುಗಿ ಏಳಬಹುದು. 1983ರಲ್ಲಿ ರೌಸ್ ಕಂಪನಿ ಫುಲ್ಟನ್ ಮೀನು ಮಾರುಕಟ್ಟೆಯ ಮಗ್ಗುಲಲ್ಲೇ ಉತ್ಸವ ಮಾರುಕಟ್ಟೆ ತೆರೆಯಿತು. ಪ್ರವಾಸಿಗಳು ಬಂದರು, ಊರಿನವರು ದೂರ ಉಳಿದರು. 2005ರಲ್ಲಿ ನಿಜವಾದ ಮೀನು ವ್ಯಾಪಾರ ಬ್ರಾಂಕ್ಸಿಗೆ ಎತ್ತಂಗಡಿಯಾಯಿತು. ನಸುಕಿನಲ್ಲಿ ಕೂಗಾಡುತ್ತಿದ್ದವರೂ ನೀರು ಸುರಿಯುತ್ತಿದ್ದ ಮೀನಬುಟ್ಟಿಗಳೂ ಹೋದ ಮೇಲೆ ಪರಂಪರೆ ಉಳಿಸುವ ಕೆಲಸ ಶುರುವಾಯಿತು. ಮೀನಿನವರ ಟಿನ್ ಬಿಲ್ಡಿಂಗ್ ಎಂಬ 1907ರ ಕಟ್ಟಡವನ್ನು ಬಿಚ್ಚಿ, ತುಸು ಪಕ್ಕಕ್ಕೆ ಸರಿಸಿ, ಪ್ರವಾಹ ತಟ್ಟದಂತೆ ಎತ್ತರಿಸಿ ಮತ್ತೆ ಕಟ್ಟಿದರು. 2022ರಲ್ಲಿ ಜಾನ್ ಜಾರ್ಜ್ ಎಂಬ ಜಗತ್ಪ್ರಸಿದ್ಧ ಬಾಣಸಿಗರ ಹೆಸರಲ್ಲಿ ಅದ್ದೂರಿ ಫುಡ್ ಹಾಲ್ ತೆರೆಯಿತು. ಖರ್ಚು ಹತ್ತಿರಹತ್ತಿರ 20 ಕೋಟಿ ಡಾಲರ್. ಬಾಣಸಿಗರ ಕೈಗುಣದ ಮೇಲೆ ನನ್ನದೇನೂ ದೂರಿಲ್ಲ. ನಷ್ಟ ಮಾತ್ರ ಮೊದಲ ವರ್ಷಗಳಿಂದಲೇ ಕೋಟಿಗಳಲ್ಲಿತ್ತು, ಅದೂ ಡಾಲರಿನಲ್ಲಿ.

ಸೀಪೋರ್ಟ್ ಮಾರುಕಟ್ಟೆ ತೆರೆದ ಅದೇ 1983ರಲ್ಲಿ ನಮ್ಮ ಬೆಂಗಳೂರಿನ ಜಯನಗರದಲ್ಲೂ ಒಂದು ಬಾಗಿಲು ತೆರೆಯಿತು. ಆರ್. ಪ್ರಭಾಕರ್ ಅವರ ಕೆಫೆ ದರ್ಶಿನಿ. ಕುರ್ಚಿಯಿಲ್ಲ, ಮಾಣಿಯಿಲ್ಲ, ಇಳಿಬಿದ್ದ ಬಲ್ಬಂತೂ ಇಲ್ಲವೇ ಇಲ್ಲ. ಕೌಂಟರಿನಲ್ಲಿ ಕಾಸು ಕೊಡು, ಚೀಟಿ ತಗೋ, ಕಣ್ಣೆದುರೇ ಹುಯ್ದ ದೋಸೆಯನ್ನು ನಿಂತು ತಿಂದು ಜಾಗ ಖಾಲಿ ಮಾಡು. ಅಂಗೈಯಗಲದ ಜಾಗ, ಕಡಿಮೆ ಬಾಡಿಗೆ, ಬೆಳಗಿನಿಂದ ರಾತ್ರಿವರೆಗೆ ನಿಲ್ಲದ ಜನ. ಯಾವ ಅಧ್ಯಯನ ತಂಡವೂ ವರದಿ ಬರೆಯದೆ ಆ ಮಾದರಿ ಬೆಂಗಳೂರಿನ ಬಡಾವಣೆ ಬಡಾವಣೆಗೂ ಹಬ್ಬಿತು. ತಮ್ಮ ಪ್ರವಾಸದಲ್ಲಿ ಜಯನಗರವಿಲ್ಲವೆಂದು ಬಲ್ಲೆ. ಅಲ್ಲಿಗೆ ಹೋಗಲು ವಿಮಾನ ಭತ್ಯೆ ಸಿಗುವುದಿಲ್ಲ.

ಈಗ ತಮ್ಮ ಕರಾರಿಗೆ ಬರೋಣ. ಅಂಗಡಿಯವನು ಚದರಡಿ ಲೆಕ್ಕದ ಬಾಡಿಗೆ ಕೊಡಬೇಕು. ಮೇಲೆ ಮಾರಾಟದಲ್ಲಿ ಪಾಲು, ಬಲ್ಬುಗಳ ನಿರ್ವಹಣಾ ವೆಚ್ಚ, ಪ್ರಚಾರದ ವಂತಿಗೆ. ಗಿರಾಕಿ ಇರಲಿ ಬಿಡಲಿ, ರಾತ್ರಿ ಹನ್ನೊಂದರವರೆಗೆ ಒಲೆ ಉರಿಯುತ್ತಿರಬೇಕು. ಎಲ್ಲ ಸೇರಿ ತಿಂಗಳಿಗೆ ಒಂದು ಲಕ್ಷ ಎಂದಿಟ್ಟುಕೊಳ್ಳಿ, ದೋಸೆಗೆ ಹತ್ತು ರೂಪಾಯಿ ಗಿಟ್ಟುತ್ತದೆ ಎಂದುಕೊಳ್ಳಿ. ಹತ್ತು ಸಾವಿರ ದೋಸೆ ಹುಯ್ದರೆ ತಮ್ಮ ಬಾಕಿ ತೀರಿತು. ದಿನಕ್ಕೆ 333ನೆಯ ದೋಸೆಯವರೆಗೆ ಅವನು ತಮ್ಮ ಕೂಲಿಯಾಳು, 334ನೆಯದರಿಂದ ಹೆಂಡತಿ ಮಕ್ಕಳಿಗೆ. ಆದ್ದರಿಂದ ಅವನು ದೋಸೆಗೆ ಮೂರು ಪಟ್ಟು ಬೆಲೆ ಹಾಕುತ್ತಾನೆ, ಬೆಲೆಗೊಪ್ಪುವಂತೆ ಅದರ ಮೇಲೆ ಚೀಸ್ ಉದುರಿಸುತ್ತಾನೆ. ಶನಿವಾರ ಸಂಜೆ ಜನ ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಅಲ್ಲಿರುವುದು ಅವನೂ ತಮ್ಮ ಸೆಕ್ಯುರಿಟಿ ಗಾರ್ಡೂ ಮಾತ್ರ. ಗಾರ್ಡು ಡಬ್ಬಿ ತಂದಿರುತ್ತಾನೆ.

ಇದು ತಮಗೆ ತಿಳಿಯದ್ದೇನಲ್ಲ. ಹಾಲ್ ನಡೆಯದಿದ್ದರೂ ಮೇಲಿನ ಹತ್ತು ಅಂತಸ್ತಿನ ಕಚೇರಿಯೋ ಫ್ಲಾಟೋ ಮಾರಾಟವಾದರೆ ಸಾಕು, ಕೆಳಗಿನ ತಿಂಡಿ ಮೇಲಿನ ಗಿರಾಕಿಗೆ ಹಾಕಿದ ಗಾಳದ ಎರೆ ಎಂದು ತಮ್ಮ ಲೆಕ್ಕ. ಎರೆಹುಳುವಿನ ಅಭಿಪ್ರಾಯ ಕೇಳುವ ಪದ್ಧತಿ ಎಲ್ಲೂ ಇಲ್ಲ. ಆದರೆ ನಮ್ಮ ದೇಶದಲ್ಲಿ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯೊಂದು ಅಡ್ಡ ಬರುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಸಮೀಕ್ಷೆ ಮುಗಿಯದೆ ಯಾರನ್ನೂ ಎಬ್ಬಿಸಬಾರದು ಎನ್ನುತ್ತದೆ. ಕಾನೂನು ಮಾಡಿದವರು ಬಹುಶಃ ದರ್ಶಿನಿಯಲ್ಲಿ ತಿಂದವರು.

ದಾರಿತಪ್ಪಿ ಫಿಲಡೆಲ್ಫಿಯಾಕ್ಕೆ ಹೋದೀರಿ ಜೋಕೆ. ಅಲ್ಲಿನ ರೀಡಿಂಗ್ ಟರ್ಮಿನಲ್ ಮಾರ್ಕೆಟ್ 1893ರಿಂದ ನಡೆಯುತ್ತಿದೆ. ಮೇಲಿನ ರೈಲು 1984ರಲ್ಲೇ ನಿಂತರೂ ಕೆಳಗಿನ ಸಂತೆ ನಿಲ್ಲಲಿಲ್ಲ. ಲಾಭಕ್ಕೆ ನಡೆಯದ ಸಂಸ್ಥೆಯೊಂದು ಅದರ ಉಸ್ತುವಾರಿ ನೋಡಿಕೊಳ್ಳುತ್ತದೆ. ದೊಡ್ಡ ಸರಪಳಿ ಅಂಗಡಿಗಳಿಗೆ ಪ್ರವೇಶವಿಲ್ಲ. ತರಕಾರಿ, ಮಾಂಸ, ಮೀನಿನವರಿಗೆ ಬಾಡಿಗೆ ಕಡಿಮೆ, ಬೇಯಿಸಿ ಮಾರುವವರಿಗೆ ಹೆಚ್ಚು. ಮನೆಗೆ ಸೊಪ್ಪು ಒಯ್ಯಲು ಬಂದವಳು ಹಾಗೇ ಒಂದು ಸ್ಯಾಂಡ್‌ವಿಚ್ ತಿನ್ನುತ್ತಾಳೆ, ಮಂಗಳವಾರವೂ ಬರುತ್ತಾಳೆ. ಹೀಗೆ ಬಾಡಿಗೆ ಬಿಟ್ಟುಕೊಟ್ಟು ಬದುಕುವುದನ್ನು ತಮ್ಮ ಹೂಡಿಕೆದಾರರಿಗೆ ಅಪ್ಪಿತಪ್ಪಿಯೂ ತೋರಿಸಬೇಡಿ.

ಸಿಂಗಾಪುರವನ್ನು ತೋರಿಸಬಹುದು, ಅರ್ಧ ಮಾತ್ರ. 1971ರಿಂದ 1986ರೊಳಗೆ ಬೀದಿಬದಿಯವರನ್ನೆಲ್ಲ ಸರ್ಕಾರ ಸೂರಿನಡಿಗೆ ತಂದಿತು, 2020ರಲ್ಲಿ ಆ ಹಾಕರ್ ಸಂಸ್ಕೃತಿ ಯುನೆಸ್ಕೊ ಪಟ್ಟಿ ಸೇರಿತು ಎಂದು ಹೇಳಿ. ಹಳಬರಿಗೆ ಸಬ್ಸಿಡಿ ಬಾಡಿಗೆ ಕೊಟ್ಟರು, ಕೇಂದ್ರಗಳನ್ನು ಜನರ ವಸತಿ ಸಮುಚ್ಚಯಗಳ ಮಗ್ಗುಲಲ್ಲೇ ಕಟ್ಟಿದರು ಎಂಬ ಸ್ಲೈಡ್ ಬರುವಾಗ ಕರೆಂಟ್ ಹೋಗಲಿ.

ಕೊನೆಗೆ ನಮ್ಮ ಬೆಂಗಳೂರಿನದೇ ವಿ.ವಿ. ಪುರಂ. ಸಜ್ಜನ್‌ರಾವ್ ವೃತ್ತದ ತಿಂಡಿಬೀದಿಯನ್ನು 2023ರಲ್ಲಿ ನವೀಕರಿಸಲು ಹೋಗಿ ರಸ್ತೆ ಅಗೆದಿಟ್ಟಾಗ, ಗುಂಡಿ ದಾಟಿ ಗಿರಾಕಿ ಬರುತ್ತಿಲ್ಲವೆಂದು ಅಂಗಡಿಯವರು ಗೋಳಾಡಿದರು. ಕಸ, ಗದ್ದಲ, ಗಾಡಿ ನಿಲ್ಲಿಸಲು ಜಾಗವಿಲ್ಲ ಎಂಬ ಅಕ್ಕಪಕ್ಕದ ಮನೆಯವರ ದೂರೂ ಸುಳ್ಳಲ್ಲ. ಚರಂಡಿ, ನೀರು, ಕಸದ ಗಾಡಿ ಬೇಕೇ ಬೇಕು. ಆದರೆ ಆ ಬೀದಿ ಹುಟ್ಟಿದ್ದು ಯಾರ ನಕ್ಷೆಯಿಂದಲೂ ಅಲ್ಲ. ಸಂಜೆ ಹೊತ್ತು ಹಸಿದವರ ಕೈಗೆಟುಕುವ ಬೆಲೆಗೆ ಅಲ್ಲಿ ಒಬ್ಬ ಕಾವಲಿ ಇಟ್ಟ, ಪಕ್ಕದಲ್ಲಿ ಇನ್ನೊಬ್ಬ ಇಟ್ಟ. ತಾವು ಮಾಡಬಹುದಾದ ಉಪಕಾರವೆಂದರೆ ಚರಂಡಿ ಸರಿಮಾಡಿ, ಬಿಲ್ಲು ಪಾಸು ಮಾಡಿಸಿಕೊಂಡು, ಒಂದು ಪ್ಲೇಟ್ ಅವರೆಬೇಳೆ ದೋಸೆ ತಿಂದು ಮನೆಗೆ ಹೋಗುವುದು.

ಇದಕ್ಕೆ ಸಲಹಾ ಶುಲ್ಕ ಎಷ್ಟು ಶೇಕಡಾ ಹಾಕಬಹುದೆಂದು ತಾವೇ ನಿರ್ಧರಿಸಿ.

ಇಂತಿ ತಮ್ಮ ವಿಧೇಯ,
ತೆರಿಗೆ ಕಟ್ಟುವ, ನಿಂತು ತಿನ್ನುವ ನಾಗರಿಕ

ವಿ.ಸೂ.: ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿದರೂ ಕೈ ತೊಳೆಯುವ ನಲ್ಲಿ ಸಿಗಲಿಲ್ಲ. ಸೆಲ್ಫಿ ಪಾಯಿಂಟ್ ಎರಡು ಸಿಕ್ಕಿವೆ. ಒಂದನ್ನು ತೆಗೆದರೆ ನಲ್ಲಿಗೆ ಜಾಗವಾದೀತೇ ಎಂದು ಪರಿಶೀಲಿಸುವುದು.