ಶೀತಮಜ್ಜನಬಲಮೀಮಾಂಸೆ

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಜಿಮ್ಮಿನಲ್ಲಿ ಬೈಠಕ್ ಹೊಡೆದು, ಮರುದಿನ ಮೆಟ್ಟಿಲಿಳಿಯಲಾರದೆ ಕಂಬಿ ಹಿಡಿದು ನಿಂತವನು. ತೊಡೆ ನೋಯದವನಿಗೆ ಇಲ್ಲಿ ಪ್ರವೇಶವಿಲ್ಲ.

ಸಾಮಗ್ರಿ ಮೂರು: ನೀಲಿ ಪ್ಲಾಸ್ಟಿಕ್ ಡ್ರಮ್ಮು, ಗೋಣಿಚೀಲದಲ್ಲಿ ಬಂದ ಐಸುಗಡ್ಡೆ, ಎದುರಿಗೆ ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲು. ಮೂರನೆಯದಿಲ್ಲದೆ ಮೊದಲೆರಡು ಫಲಿಸವೆಂಬುದು ಸಂಪ್ರದಾಯ. ಸಾಧಕನಿಗೆ ಮೊಣಕಾಲು ಮುಳುಗುವ ತನಕ ವೈರಾಗ್ಯವಿರುತ್ತದೆ. ನೀರು ಸೊಂಟ ಮುಟ್ಟಿದಾಗ ‘ಅಯ್ಯಮ್ಮಾ’ ಎಂಬ ಬೀಜಮಂತ್ರ ತಾನಾಗಿ ಹೊರಡುತ್ತದೆ. ಎದೆಗೆ ಬಂದಾಗ ಉಸಿರು ಸಿಕ್ಕಿಕೊಂಡು ಮೌನವ್ರತ.

ಪೂರ್ವಪಕ್ಷದವರು ಹೇಳುತ್ತಾರೆ: ಇಷ್ಟು ಚಳಿ ತಡೆದವನಿಗೆ ಬಲ ಬಾರದೆ ಇರುತ್ತದೆಯೆ? ಹಾಗಾದರೆ ಫ್ರಿಜ್ಜಿನಲ್ಲಿಟ್ಟ ಬದನೆಕಾಯಿ ಇಷ್ಟು ಹೊತ್ತಿಗೆ ದಸರಾ ಕುಸ್ತಿಯಲ್ಲಿ ಗದೆ ಗೆದ್ದಿರಬೇಕಿತ್ತು. ಗೆದ್ದ ದಾಖಲೆಯಿಲ್ಲ.

ಆಪ್ತವಾಕ್ಯವೂ ಅವರಿಗೆ ಆಸರೆಯಲ್ಲ. ಪೆಟ್ಟಾದರೆ ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಅಂಗ ಎತ್ತಿಡುವುದು ಎಂಬ ಚತುಸ್ಸೂತ್ರಿಯನ್ನು 1978ರಲ್ಲಿ ಅಮೆರಿಕದ ಡಾ. ಗೇಬ್ ಮಿರ್ಕಿನ್ ಕೊಟ್ಟರು. ದಶಕಗಳ ನಂತರ ಅವರೇ, ಮಂಜುಗಡ್ಡೆ ಗಾಯ ಮಾಗುವುದನ್ನು ನಿಧಾನ ಮಾಡಬಹುದು ಎಂದು ಮಾತು ತಿದ್ದಿಕೊಂಡರು. ಆಚಾರ್ಯರು ಡ್ರಮ್ಮಿನಿಂದ ಎದ್ದು ಮೈ ಒರೆಸಿಕೊಂಡರೂ ಶಿಷ್ಯಕೋಟಿ ಇನ್ನೂ ಒಳಗೇ ಕೂತಿದೆ.

ಇನ್ನು ಸಿದ್ಧಾಂತ. 2015ರಲ್ಲಿ ‘ಜರ್ನಲ್ ಆಫ್ ಫಿಸಿಯಾಲಜಿ’ಯಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟವಾಯಿತು. ಗಂಡಸರ ಎರಡು ಗುಂಪು, 12 ವಾರ, ವಾರಕ್ಕೆರಡು ದಿನ ಕಾಲಿನ ಕಸರತ್ತು. ಮುಗಿದ ಮೇಲೆ ಒಂದು ಗುಂಪು ಸುಮಾರು 10 ಡಿಗ್ರಿ ನೀರಿನಲ್ಲಿ 10 ನಿಮಿಷ ಕೂತಿತು. ಇನ್ನೊಂದು ನಿಂತಲ್ಲೇ ನಿಂತ ಸೈಕಲ್ಲನ್ನು ಮೆಲ್ಲಗೆ ತುಳಿಯಿತು. ಕೊನೆಗೆ ಅಳೆದರೆ ಸ್ನಾಯುವೂ ಬಲವೂ ಹೆಚ್ಚಾಗಿ ಬೆಳೆದದ್ದು ಸೈಕಲ್ಲಿನವರಿಗೆ! ಕಾರಣ ಸ್ಪಷ್ಟ. ಕಸರತ್ತಿನಿಂದ ಕೆರಳಿದ ಸ್ನಾಯು ತನ್ನನ್ನು ತಾನು ಕಟ್ಟಿಕೊಳ್ಳಲು ಆಳು ಕರೆಯುತ್ತದೆ: ಪ್ರೋಟೀನ್ ತಯಾರಿಯ ಸಂಕೇತಗಳು, ಸ್ಯಾಟಲೈಟ್ ಕೋಶಗಳು. ತಣ್ಣೀರು ಈ ಎರಡನ್ನೂ ಕುಗ್ಗಿಸಿತ್ತು. ಮೇಸ್ತ್ರಿಗೆ ಮುಂಗಡ ಕೊಟ್ಟು ಗೇಟಿಗೆ ಬೀಗ ಹಾಕಿದ ಹಾಗೆ.

ಪ್ರತ್ಯಕ್ಷ ಪ್ರಮಾಣ ಬೇಕೆನ್ನುವವರು ಡ್ರಮ್ಮಿನಿಂದ ಈಗಷ್ಟೇ ಎದ್ದವನನ್ನು ನೋಡಬೇಕು. ಅರ್ಧ ಗಂಟೆ ಹಿಂದೆ ನೂರು ಕಿಲೋ ಎತ್ತಿದ ಕೈಗೆ ನೀರಿನ ಬಾಟಲಿಯ ಮುಚ್ಚಳ ಬರುವುದಿಲ್ಲ. ಹಲ್ಲಿನಲ್ಲಿ ಕಚ್ಚಿ ತಿರುಗಿಸುತ್ತಾನೆ. ಹಲ್ಲೂ ಕಟಕಟ ಎನ್ನುತ್ತಿರುತ್ತದೆ. ತಣ್ಣಗಾದ ನರದಲ್ಲಿ ಸುದ್ದಿ ನಿಧಾನವಾಗಿ ಓಡುತ್ತದೆ, ತಣ್ಣಗಾದ ಸ್ನಾಯು ನಿಧಾನವಾಗಿ ಸಂಕುಚಿಸುತ್ತದೆ. ಜಿಗಿತ, ಓಟ ಎರಡೂ ಆ ಹೊತ್ತಿಗೆ ಸಪ್ಪೆ.

ಆದರೂ ತಣ್ಣೀರಿಗೆ ಅನ್ಯಾಯ ಮಾಡಬಾರದು. ಮೈಕೈ ನೋವನ್ನು ಅದು ನಿಜಕ್ಕೂ ತಗ್ಗಿಸುತ್ತದೆ. ಇವತ್ತು ಆಡಿ ನಾಳೆ ಮತ್ತೆ ಕಣಕ್ಕಿಳಿಯಬೇಕಾದ ಆಟಗಾರ ಧಾರಾಳವಾಗಿ ಮುಳುಗಲಿ, ಅವನಿಗೆ ಬೇಕಾದದ್ದು ನಾಳೆಯ ಕಾಲು. ಹೃದಯದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಹತ್ತಿರ ಸುಳಿಯಬಾರದು. ಇದು ಅಣಕದ ಮಾತಲ್ಲ.

ತೀರ್ಪು: ತೋಳು ತೊಡೆ ದಪ್ಪವಾಗಬೇಕೆಂದು ಕಬ್ಬಿಣ ಎತ್ತುವವನು, ಎತ್ತಿದ ಕೂಡಲೇ ಐಸಿನಲ್ಲಿ ಕೂರತಕ್ಕದ್ದಲ್ಲ. ಮಿಕ್ಕ ಐಸು ನಿಂಬೆ ಶರಬತ್ತಿಗೆ ಸಲ್ಲತಕ್ಕದ್ದು.