ಮೇಷ್ಟ್ರ ಕಾರಿನ ಟಕಟಕ

ಹಳೇ ಕಾರು ಇಟ್ಟುಕೊಂಡವರ ಪಕ್ಕದಲ್ಲಿ ಮನೆ ಮಾಡಿದರೆ ಸ್ವಂತಕ್ಕೊಂದು ಕಾರು ಬೇಕೆನ್ನಿಸುವುದೇ ಇಲ್ಲ. ಕಾರಿನ ಕಷ್ಟಸುಖವೆಲ್ಲ ಕಾಂಪೌಂಡ್ ಗೋಡೆ ದಾಟಿ ಪುಕ್ಕಟೆಯಾಗಿ ನಮ್ಮ ಅಂಗಳಕ್ಕೇ ಬಂದು ಬೀಳುತ್ತದೆ. ನಮ್ಮ ಸೂಲಿಬೆಲೆಯ ಪಕ್ಕದ ಮನೆಯ ಮೇಷ್ಟ್ರದು ಮಾರುತಿ 800. ರಿಟೈರ್ ಆಗಿರುವುದು ಮೇಷ್ಟ್ರು, ಕಾರಲ್ಲ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತಲ್ಲ, ಅದನ್ನೂ ಗೊಣಗಿಕೊಂಡೇ ಕಟ್ಟಿ ಬಂದ ಆಸಾಮಿ.

ಆ ಕಾರಿಗೆ ಈಚೆಗೆ ಟಕಟಕ ಶುರುವಾಗಿತ್ತು. ದೇವನಹಳ್ಳಿ ರೋಡಿನಲ್ಲಿ ಸೀದಾ ಹೋದರೆ ತುಟಿಪಿಟಿಕ್ ಎನ್ನುವುದಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಫುಲ್ ಕಟ್ ಹೊಡೆದು ತಿರುಗಿಸಿದರೆ ಮಾತ್ರ ಟಕ್ ಟಕ್ ಟಕ್. ಗೋಡೆಯ ಮೇಲೆ ಕೈ ಊರಿಕೊಂಡು ನಿಂತವರೆಲ್ಲ ಒಂದೊಂದು ರೋಗ ಹೇಳಿದರು. ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ಸಾಗಿಸುವವನು ಬೇರಿಂಗ್ ಅಂದ. ಹಾಲಿನ ಡೈರಿಯವರು ವೀಲ್ ಕಪ್ಪಿನಲ್ಲಿ ಕಲ್ಲು ಸಿಕ್ಕಿದೆ ಅಂದರು. ನಾನು ಬ್ರೇಕ್ ಪ್ಯಾಡ್ ಇರಬಹುದು ಅಂದೆ. ಏನೂ ಅನ್ನದೆ ಸುಮ್ಮನಿದ್ದರೆ ಹರಟೆ ಮುಂದಕ್ಕೆ ಹೋಗುವುದು ಹೇಗೆ?

"ಯುಗಾದಿಯಿಂದ ಬಡ್ಕೊಳ್ತಾ ಇದೀನಿ, ನನ್ನ ಮಾತು ಯಾರು ಕೇಳ್ತಾರೆ?" ಎಂದು ಅಡುಗೆಮನೆ ಕಿಟಕಿಯಿಂದ ಮೇಷ್ಟ್ರ ಮನೆಯವರ ಧ್ವನಿ ಬಂತು. ಅವರು ಕೂರುವುದು ಎಡಗಡೆ ಸೀಟು, ಸದ್ದು ಬರುತ್ತಿದ್ದುದು ಎಡಗಡೆ ಚಕ್ರದಿಂದ. ಸ್ಟೇರಿಂಗ್ ಹಿಡಿದವರಿಗಿಂತ ಮೊದಲು ಪಕ್ಕದಲ್ಲಿ ಕೂತವರ ಕಿವಿಗೆ ಬಿದ್ದಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಕೊನೆಗೆ ಮೆಕ್ಯಾನಿಕ್ ಹುಡುಗ ಬಂದ. ಮೇಷ್ಟ್ರ ಹಳೇ ಶಿಷ್ಯ. ಗಾಡಿ ಓಡಿಸಿ ನೋಡುವ ಮೊದಲೇ ಎಡಗಡೆ ಮುಂದಿನ ಚಕ್ರದ ಹಿಂದೆ ಕೈ ತೂರಿಸಿ, ಬೆರಳಿಗಂಟಿದ ಕಪ್ಪು ಗ್ರೀಸನ್ನು ಮೇಷ್ಟ್ರ ಮುಖದ ಮುಂದೆ ಹಿಡಿದ.

"ಆಕ್ಸೆಲ್ ಬೂಟ್ ಹರಿದೋಗಿ ಎಷ್ಟು ದಿನ ಆಯ್ತೋ ಏನೋ. ಇಲ್ಲೆಲ್ಲ ಗ್ರೀಸ್ ಎರಚಿರೋದು ಕಾಣ್ಲಿಲ್ವಾ ಸಾರ್?"

"ಕಾಣದೇ ಏನು? ಭಾನುವಾರ ಭಾನುವಾರ ಸೀಮೆಎಣ್ಣೆ ಬಟ್ಟೇಲಿ ಒರೆಸಿ ಫಳಫಳ ಅನ್ನಿಸ್ತಿದ್ದೆ ಕಣೋ."

ಕಾರನ್ನು ಮುತುವರ್ಜಿಯಿಂದ ತೊಳೆಯುವವರ ಪಾಡೇ ಇದು. ರಿಮ್ಮಿನ ಒಳಮೈಗೆ ಗ್ರೀಸ್ ಸಿಡಿದಿದೆ ಎಂದರೆ ಕಾರು ತನ್ನ ದೂರನ್ನು ಬರೆದು ಅಂಟಿಸಿದೆ ಎಂದೇ ಲೆಕ್ಕ. ಮೇಷ್ಟ್ರು ಅದನ್ನು ವಾರವಾರವೂ ಒರೆಸಿ ಹಾಕುತ್ತಿದ್ದರು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಮಾತ್ರ ನೀರು ತೋರಿಸುವ ಸೋಮಾರಿಗಾದರೂ ಅದು ಕಣ್ಣಿಗೆ ಬೀಳುತ್ತಿತ್ತು.

ಈ ಬೂಟು ಎಂಬುದು ರಬ್ಬರಿನದು, ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿರುತ್ತದೆ. ಮುಂದಿನ ಚಕ್ರದ ಗಾಡಿಯಲ್ಲಿ ಎಂಜಿನ್ನಿನ ಶಕ್ತಿ ಹೋಗಬೇಕಾದದ್ದು ತಿರುಗುವ, ಪಕ್ಕಕ್ಕೆ ಹೊರಳುವ, ಗುಂಡಿಗೆ ಇಳಿದು ಏಳುವ ಚಕ್ರಕ್ಕೇ. ನೆಟ್ಟಗಿನ ಕಂಬಿಯಿಂದ ಆ ಕೆಲಸ ಆಗದು. ಅದಕ್ಕೇ ಆಕ್ಸೆಲ್ಲಿನ ಎರಡೂ ತುದಿಗೆ ಒಂದೊಂದು ಕೀಲು, ಅದೇ ಸಿ.ವಿ. ಜಾಯಿಂಟ್. ಚಕ್ರದ ಕಡೆಯ ಕೀಲಿನೊಳಗೆ ಒಂದು ಪಂಜರ, ಪಂಜರದಲ್ಲಿ ಆರು ಉಕ್ಕಿನ ಗುಂಡು. ಕೀಲು ಎಷ್ಟು ಬಾಗಿದರೂ ಚಕ್ರ ಎಳೆದಾಡದೆ ಒಂದೇ ವೇಗದಲ್ಲಿ ತಿರುಗುವಂತೆ ಇದನ್ನು ರೂಪಿಸಿದವನು ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ಝೆಪ್ಪಾ, 1920ರ ದಶಕದಲ್ಲಿ. ಹೆಸರು ಕೇಳಿ ಮೇಷ್ಟ್ರು "ನಮ್ಮ ಹೊಸಕೋಟೆ ಕಡೆಯವನೇ ಇರ್ಬೇಕು" ಅಂದರು.

ಗುಂಡುಗಳಿಗೆ ಬೇಕಾದದ್ದು ಗ್ರೀಸ್, ಗ್ರೀಸಿಗೆ ಬೇಕಾದದ್ದು ಬೂಟು. ರಬ್ಬರ್ ಬಿಸಿಲಿಗೆ, ಎಂಜಿನ್ ಶಾಖಕ್ಕೆ, ವಯಸ್ಸಿಗೆ ಒಣಗಿ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಸ್ಟೇರಿಂಗ್ ಜೊತೆ ಬಾಗುವುದು ಚಕ್ರದ ಕಡೆಯ ಬೂಟು, ಆದ್ದರಿಂದ ಸಾಮಾನ್ಯವಾಗಿ ಮೊದಲು ಹೋಗುವುದೂ ಅದೇ. ಒಮ್ಮೆ ಸೀಳಿತೋ, ತಿರುಗುವ ರಭಸಕ್ಕೆ ಗ್ರೀಸ್ ಹೊರಕ್ಕೆ, ನಮ್ಮೂರಿನ ಕೆಮ್ಮಣ್ಣಿನ ಧೂಳು ಒಳಕ್ಕೆ. ಉಳಿದ ಗ್ರೀಸೂ ಧೂಳೂ ಕಲೆತರೆ ಅದು ಉಕ್ಕನ್ನೂ ಅರೆಯುವ ಪೇಸ್ಟು. ಗುಂಡು ಓಡಾಡುವ ಜಾಡಿನಲ್ಲಿ ಗುಳಿ ಬೀಳುತ್ತದೆ. ಆಮೇಲೆ ತಿರುವಿನಲ್ಲಿ ಕೇಳುವುದೇ ಆ ಟಕಟಕ.

"ಹಂಗಾದ್ರೆ ಹೊಸ ಬೂಟ್ ಹಾಕು, ಗ್ರೀಸ್ ತುಂಬು. ಸೌಂಡ್ ನಿಲ್ತದೆ ತಾನೆ?"

"ಇಲ್ಲ ಸಾರ್. ಸೌಂಡ್ ಬಂದ್ಮೇಲೆ ಬೂಟ್ ಹಾಕೋದು ವೇಸ್ಟು. ಎಡಗಡೆ ಜಾಯಿಂಟೇ ಹೋಯ್ತು. ಬಲಗಡೇದು ಇನ್ನೂ ಬಿರುಕು ಬಿಟ್ಟದೆ ಅಷ್ಟೆ, ಗ್ರೀಸ್ ಒಳಗೇ ಐತೆ. ಅದಕ್ಕೆ ಬೂಟ್ ಸಾಕು."

ಸದ್ದು ಮಾಡಿದ ಎಡಕ್ಕೆ ಸಾವಿರಗಳ ಬಾಬ್ತು, ಸುಮ್ಮನಿದ್ದ ಬಲಕ್ಕೆ ನೂರುಗಳಲ್ಲಿ ಮುಗಿಯಿತು. ಸದ್ದು ಬರಲಿ ಆಮೇಲೆ ನೋಡೋಣ ಎನ್ನುವುದು ನಮ್ಮ ಕಡೆ ಕಾರಿಗೂ ಸರಿ, ಹಲ್ಲುನೋವಿಗೂ ಸರಿ, ಪಂಚಾಯ್ತಿ ಪೈಪಿಗೂ ಸರಿ. ಈ ಒಂದು ಸಾಮಾನಿನಲ್ಲಿ ಮಾತ್ರ ಸದ್ದು ಬರುವ ಹೊತ್ತಿಗೆ ಕಥೆ ಮುಗಿದಿರುತ್ತದೆ.

ಬಲಗಡೆಯ ಕೆಲಸವನ್ನು ನಾನು ಟಾರ್ಚ್ ಹಿಡಿದು ಹತ್ತಿರದಿಂದ ನೋಡಿದೆ. ಚಕ್ರ ನೆಲದ ಮೇಲಿರುವಾಗಲೇ ಮೇಷ್ಟ್ರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಿ, ಉದ್ದನೆ ಪೈಪ್ ಸಿಕ್ಕಿಸಿ ನಡುವಿನ ದೊಡ್ಡ ನಟ್ಟು ಸಡಿಲಿಸಿದ. ಆಮೇಲೆ ಜಾಕಿ, ಜಾಕಿಯ ಪಕ್ಕದಲ್ಲೊಂದು ಸ್ಟ್ಯಾಂಡು. ಬರೀ ಜಾಕಿ ನಂಬಿ ಕಾರಿನ ಕೆಳಗೆ ತಲೆ ಹಾಕುವವನಲ್ಲ, ಅದು ನನಗೆ ಹಿಡಿಸಿತು. ಕೆಳಗಿನ ಬಾಲ್ ಜಾಯಿಂಟ್ ಬಿಚ್ಚಿ ಆಕ್ಸೆಲ್ ಎಳೆದಾಗ ಗೇರ್ ಆಯಿಲ್ ಸುರಿಯಿತು. ಅಡಿಗೆ ಹಳೇ ಬೋಗುಣಿ ಇಟ್ಟಿದ್ದ. ಯಾರ ಮನೆಯ ಬೋಗುಣಿ ಎಂದು ಕಿಟಕಿಯಿಂದ ವಿಚಾರಣೆ ನಡೆಯಿತು, ಅದನ್ನು ಬಿಡಿ.

ನನಗೆ ಹೊಸದೆನ್ನಿಸಿದ್ದು ಮುಂದಿನದು. ಹಾಕಬೇಕಾದದ್ದು ಚಕ್ರದ ಕಡೆಯ ಬೂಟು, ಹುಡುಗ ಬಿಚ್ಚುತ್ತಿದ್ದುದು ಗೇರ್ ಬಾಕ್ಸ್ ಕಡೆಯದು. ಕೇಳಿದರೆ, ಈ ಗಾಡಿಯಲ್ಲಿ ಚಕ್ರದ ಕಡೆಯ ಕೀಲಿಗೆ ಕೈ ಹಾಕುವ ಹಾಗಿಲ್ಲ, ಒಳಗಿನ ಕೀಲು ಬಿಚ್ಚಿ ಬೂಟನ್ನು ಆ ಕಡೆಯಿಂದಲೇ ಏರಿಸಿಕೊಂಡು ಬರಬೇಕು ಅಂದ. ಬಿಚ್ಚಿದ ಮೇಲೆ ಒಳಗಿನ ಹಳೇ ಬೂಟನ್ನೇ ಮತ್ತೆ ಹಾಕುವುದು ಯಾವ ಜಾಣತನ? ಎರಡೂ ಹೊಸದೇ ಬಂದವು. ಮೇಷ್ಟ್ರ ಲೆಕ್ಕದಲ್ಲಿ ಒಂದು ಎರಡಾದದ್ದು ಹೀಗೆ. "ನನ್ನ ಲೆಕ್ಕದ ಪೇಪರಲ್ಲಿ ನೀವು ಹಿಂಗೇ ಮಾಡಿದ್ರಿ ಸಾರ್, ಎರಡಿದ್ದದ್ದು ಒಂದಾಗಿತ್ತು" ಅಂದ ಹುಡುಗ.

ಹಳೇ ಗ್ರೀಸನ್ನು ಪೂರಾ ತೊಳೆದು, ಒರೆಸಿ, ಬೆರಳಿನಿಂದ ಒಂದೊಂದು ಜಾಡನ್ನೂ ತಡವಿ ನೋಡಿದ. ಕಿಟ್ಟಿನಲ್ಲಿ ಬಂದ ಮಾಲಿಬ್ಡಿನಮ್ ಬೆರೆತ ಕಪ್ಪು ಗ್ರೀಸಿನ ಪೊಟ್ಟಣವನ್ನು ಹಿಂಡಿ ಹಿಂಡಿ ತುಂಬಿದ. ಕ್ಲಿಪ್ ಬಿಗಿಯುವ ಮುನ್ನ ಬೂಟಿನ ತುಟಿಯಡಿ ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಒಳಗಿನ ಗಾಳಿ ಬಿಟ್ಟ. ಗಾಳಿ ಸಿಕ್ಕಿಕೊಂಡರೆ ಬೂಟು ಉಬ್ಬುತ್ತದಂತೆ, ಹೀರಿಕೊಂಡರೆ ಮಡಿಕೆ ಒಳಕ್ಕೆ ಮುದುಡಿ ಅಲ್ಲೇ ಹರಿಯುತ್ತದಂತೆ. ಆಕ್ಸೆಲ್ ಬಿಚ್ಚದೇ ಅಂಟಿಸುವ ಸೀಳು ಬೂಟೂ ಬರುತ್ತದೆ. ಹಿಂದೊಮ್ಮೆ ಯಾವುದೋ ಗ್ಯಾರೇಜಿನವರು ಮೇಷ್ಟ್ರಿಗೆ ಅದನ್ನೇ ಹಾಕಿ, ಒರಿಜಿನಲ್ ಎಂದು ದುಡ್ಡು ತೆಗೆದುಕೊಂಡಿದ್ದರು. ಅಂಟು ಬಿಟ್ಟುಕೊಂಡ ಜಾಗವೇ ಈಗ ಎಡಗಡೆ ಹರಿದದ್ದು.

ಇಷ್ಟಕ್ಕೂ ಈ ಬೂಟಿನ ಕಾಟ ನಮ್ಮ ಊರುಗಳಿಗೆ ಬಂದದ್ದೇ ಮಾರುತಿಯ ಜೊತೆ. 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀ ಕೊಟ್ಟರಲ್ಲ, ಅಲ್ಲಿಯತನಕ ನಮ್ಮ ಮೆಕ್ಯಾನಿಕ್ಕುಗಳು ಕಂಡದ್ದು ಅಂಬಾಸಿಡರ್ ಮತ್ತು ಫಿಯಟ್. ಅವು ಹಿಂದಿನ ಚಕ್ರದ ಗಾಡಿಗಳು. ಹಿಂದಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಕ್ರಾಸ್ ಎಂಬ ಕೀಲು ಇರುತ್ತಿತ್ತು, ಬೂಟಲ್ಲ. ಆ ಕಾಲದಲ್ಲೇ ಬೆಂಗಳೂರಿನ ಸಿಪಾನಿಯವರು ಮಾಡುತ್ತಿದ್ದ ಡಾಲ್ಫಿನ್ ಕೂಡ ಹಿಂದಿನ ಚಕ್ರದ್ದೇ. ಫೈಬರ್ ಮೈ, ತುಕ್ಕಿನ ಮಾತೇ ಇಲ್ಲ. ಆದರೆ ಮಾರುತಿಯ ಮುಂದೆ ನಿಲ್ಲಲಿಲ್ಲ ಪಾಪ.

ಈ ಇತಿಹಾಸವನ್ನು ಗೋಡೆಯಾಚೆಗೆ ದಾಟಿಸುತ್ತಿದ್ದಾಗ ಎದುರುಮನೆಯ ಹೂವಿನ ವ್ಯಾಪಾರಿ ಓಮ್ನಿ ತಂದು ನಿಲ್ಲಿಸಿದ. ಕೆಳಗಿಳಿದವನೇ ಬೋಗುಣಿ, ಗ್ರೀಸು, ಬಿಚ್ಚಿದ ಚಕ್ರವನ್ನೆಲ್ಲ ನೋಡಿ ಬೀಗಿದ. "ನಮ್ದು ಹಿಂದಿನ ಚಕ್ರದ ಗಾಡಿ ಮೇಷ್ಟ್ರೇ, ಬೂಟೂ ಇಲ್ಲ ಗೀಟೂ ಇಲ್ಲ."

"ಬೂಟಿಲ್ಲ ಅಣ್ಣ, ಕ್ರಾಸ್ ಐತೆ," ಕೆಳಗಿನಿಂದಲೇ ಹುಡುಗ ಉತ್ತರ ಕೊಟ್ಟ. "ಈಗ ರಿವರ್ಸ್ ಹಾಕ್ದಾಗ ಕಟ್ ಅಂತಲ್ಲ, ಅದೇ. ಇದು ಮುಗೀಲಿ, ಗಾಡಿ ಅಲ್ಲೇ ಇರ್ಲಿ. ನಿಮ್ದಕ್ಕೆ ಬೋಗುಣಿ ನಿಮ್ಮ ಮನೇದೇ ತನ್ನಿ."